ತುಡುವೆ ಒಪ್ಪಿದ ಪೆಟ್ಟಿಗೆ

ಕೊಡಗಿನಲ್ಲೋ ಪುತ್ತೂರು, ಸುಳ್ಯದ ಕಡೆಯೋ ಹಳೆಯ ತೋಟದ ಮನೆಗೆ ಹೋದರೆ ಅಂಗಳದ ಅಂಚಿನಲ್ಲಿ ಕಂಬದ ಮೇಲೆ ಕೂತ ಪುಟ್ಟ ಮರದ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುತ್ತದೆ. ಇರುವೆ ಹತ್ತದಂತೆ ಕಂಬದ ಬುಡಕ್ಕೆ ನೀರಿನ ಬಟ್ಟಲು, ಮಳೆ ತಾಗದಂತೆ ನೆತ್ತಿಗೊಂದು ತಗಡು. ಒಳಗೆ ಜೇನು ಇರಬಹುದು, ಇಲ್ಲದೆಯೂ ಇರಬಹುದು. ಖಾಲಿಯಾಯಿತೆಂದು ಪೆಟ್ಟಿಗೆಯನ್ನು ಯಾರೂ ಒಲೆಗೆ ಹಾಕುವುದಿಲ್ಲ. ಬರುವ ಹಂಗಾಮಿಗೆ ಎಲ್ಲಾದರೂ ಪಾಲು ಜೇನು, ಅಂದರೆ ಗೂಡಿನಿಂದ ಪಾಲಾಗಿ ಹೊರಟ ಹಿಂಡು, ಕೂತರೆ ಹಿಡಿದು ತುಂಬಲು ಬೇಕಲ್ಲ!

ನಮ್ಮ ಜೇನು ಸಾಕಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ಈ ಪೆಟ್ಟಿಗೆಯ ಚರಿತ್ರೆಯಾಗಿ ಹೇಳುತ್ತಾರೆ. ಯಾರು ತಂದರು, ಯಾವ ಇಲಾಖೆ ಹಂಚಿತು, ಎಷ್ಟು ಹಂಚಿತು ಎಂಬ ಲೆಕ್ಕ. ಪೆಟ್ಟಿಗೆಯೊಳಗೆ ಜೇನು ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಯನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ಮಲೆನಾಡಿನ ಮಟ್ಟಿಗೆ ಉತ್ತರ ಒಂದೇ: ಕಾಡಿನಿಂದ, ಪೊಟರೆಯಿಂದ, ಹುತ್ತದಿಂದ. ಮೊದಲ ಸಲವೂ ಹಾಗೆಯೇ, ಎಲ್ಲವನ್ನೂ ಕಳೆದುಕೊಂಡ ಮೇಲೂ ಹಾಗೆಯೇ.

ಎರಿ ಕಟ್ಟುವ ಕಾಡಿನ ಜೇನುಗಳಲ್ಲಿ ಪೆಟ್ಟಿಗೆಗೆ ಒಗ್ಗುವ ಸ್ವಭಾವ ತುಡುವೆಗೆ ಮಾತ್ರ. ಹೆಜ್ಜೇನು ಎತ್ತರದ ಕೊಂಬೆಗೋ ಬಂಡೆಗೋ ಒಂದೇ ಒಂದು ದೊಡ್ಡ ಎರಿ ಕಟ್ಟಿ ಬಯಲಿನಲ್ಲಿ ಬಾಳುತ್ತದೆ. ಅದನ್ನು ಗೋಡೆಯೊಳಗೆ ಕೂಡಿಹಾಕಲು ಸಾಧ್ಯವಿಲ್ಲ. ಕೋಲುಜೇನಿನದೂ ಒಂದೇ ಎರಿ, ಪೊದೆಯ ಕಡ್ಡಿಗೆ ಅಂಟಿಕೊಂಡು. ತುಡುವೆ ಹಾಗಲ್ಲ. ಮರದ ಪೊಟರೆ, ಬಂಡೆಯ ಸಂದು, ಹುತ್ತದ ಹೊಟ್ಟೆ, ಹೀಗೆ ಕತ್ತಲಿರುವ ಜಾಗ ಹುಡುಕಿ ಸಾಲಾಗಿ ಏಳೆಂಟು ಎರಿಗಳನ್ನು ಇಳಿಬಿಡುತ್ತದೆ. ಕತ್ತಲು, ಒಳಗಡೆ ಸಾಲು ಎರಿ, ಹೋಗಿಬರಲು ಸಣ್ಣದೊಂದು ಬಾಗಿಲು. ಇಷ್ಟು ಸಿಕ್ಕರೆ ಮನುಷ್ಯ ಕೊಟ್ಟ ಮನೆಯನ್ನೂ ಅದು ಒಪ್ಪಿಕೊಳ್ಳುತ್ತದೆ.

ಇದನ್ನು ದಕ್ಷಿಣ ಭಾರತದ ರೈತರು ಪೆಟ್ಟಿಗೆ ಬರುವುದಕ್ಕೆ ಬಹಳ ಮೊದಲೇ ಕಂಡುಕೊಂಡಿದ್ದರು. ಹಳೆಯ ಮಡಕೆಗೆ ಒಳಗಡೆ ಮೇಣ ಉಜ್ಜಿ, ಬಾಯಿ ಮುಚ್ಚಿ, ಒಂದು ತೂತು ಬಿಟ್ಟು ಮರದ ಕವಲಿನಲ್ಲಿಡುವುದು. ಟೊಳ್ಳು ದಿಮ್ಮಿಯನ್ನು ಸೂರಿನಡಿ ತೂಗುಹಾಕುವುದು. ಮೇಣದ ವಾಸನೆ ಹಿಡಿದು ಪಾಲು ಜೇನು ತಾನಾಗಿ ಬಂದು ಸೇರಿದರೆ ಅದೃಷ್ಟ. ತೊಡಕು ಇದ್ದದ್ದು ತುಪ್ಪ ತೆಗೆಯುವಾಗ. ಹೊಗೆ ಹಾಕಿ, ಎರಿಗಳನ್ನೆಲ್ಲ ಕೊಯ್ದು, ಬಟ್ಟೆಯಲ್ಲಿ ಹಿಂಡುತ್ತಿದ್ದರು. ಮರಿ, ಪರಾಗ, ಮೇಣ ಎಲ್ಲ ಸೇರಿದ ಆ ತುಪ್ಪ ಬೇಗ ಹುಳಿಯುತ್ತಿತ್ತು. ಸಂಸಾರ ಕಳೆದುಕೊಂಡ ಜೇನು ಎದ್ದು ಹೋಗುತ್ತಿತ್ತು. ಮರುವರ್ಷ ಮತ್ತೆ ಕಾಯಬೇಕು.

ಎರಿ ಮುರಿಯದೆ ತುಪ್ಪ ತೆಗೆಯುವ ದಾರಿ ತೆರೆದದ್ದು ಅಮೆರಿಕದಲ್ಲಿ. ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ 1851ರಲ್ಲಿ ಒಂದು ಸಣ್ಣ ಸಂಗತಿಯ ಬೆಲೆ ಅರಿತರು: ಎರಿಗೂ ಗೋಡೆಗೂ ನಡುವೆ ಜೇನ್ನೊಣ ನುಸುಳುವಷ್ಟೇ, ಅಂದರೆ ಕಾಲಿಂಚಿಗಿಂತ ತುಸು ಹೆಚ್ಚು, ಜಾಗ ಬಿಟ್ಟರೆ ಅವು ಅದನ್ನು ಮೇಣದಿಂದ ಮುಚ್ಚುವುದಿಲ್ಲ. ಆ ಸಂದು ಬಿಟ್ಟು ಚೌಕಟ್ಟುಗಳನ್ನು ಜೋಡಿಸಿದರೆ ಪುಸ್ತಕದ ಹಾಳೆಯಂತೆ ಒಂದೊಂದನ್ನೇ ಎತ್ತಿ ನೋಡಬಹುದು. 1852ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1857ರಲ್ಲಿ ಜರ್ಮನಿಯಲ್ಲಿ ಅಚ್ಚೊತ್ತಿದ ಮೇಣದ ಹಾಳೆ, 1865ರಲ್ಲಿ ಎರಿಯನ್ನು ಗರಗರ ತಿರುಗಿಸಿ ತುಪ್ಪ ಸಿಡಿಸುವ ಯಂತ್ರ. ಹದಿನೈದು ವರ್ಷಗಳೊಳಗೆ ಸಾವಿರಾರು ವರ್ಷಗಳ ಕಸುಬು ಬದಲಾಯಿತು.

ಭಾರತದಲ್ಲಿ ಅಂಥ ಚೌಕಟ್ಟಿನ ಪೆಟ್ಟಿಗೆಯಲ್ಲಿ ಜೇನು ಸಾಕಲು 1882ರಲ್ಲಿ ಬಂಗಾಳದಲ್ಲಿ ಯತ್ನ ನಡೆಯಿತು. ಅಂಚೆ ತಂತಿ ಇಲಾಖೆಯ ಡಗ್ಲಸ್ ಎಂಬ ಅಧಿಕಾರಿ ಕೈಪಿಡಿಯನ್ನೂ ಬರೆದರು. ಅಷ್ಟಾದರೂ ಅದು ಊರಿಂದೂರಿಗೆ ಹಬ್ಬಲಿಲ್ಲ. ವಿಲಾಯಿತಿ ಜೇನಿಗಾಗಿ ಅಳೆದ ಪೆಟ್ಟಿಗೆ ತುಡುವೆಗೆ ದೊಡ್ಡದು. ನೊಣವೂ ಸಣ್ಣದು, ಸಂಸಾರವೂ ಸಣ್ಣದು. ಖಾಲಿ ಉಳಿದ ಮೂಲೆಗಳನ್ನು ಕಾಯಲು ನೊಣಗಳು ಸಾಲದಿದ್ದರೆ ಅಲ್ಲಿ ಮೇಣದ ಹುಳು ಮನೆ ಮಾಡುತ್ತದೆ.

ಅಳತೆ ಸರಿಪಡಿಸಿದವರು ತಿರುಚಿನಾಪಳ್ಳಿಯ ಪಾದ್ರಿ ಫಾದರ್ ನ್ಯೂಟನ್. 1911ರಿಂದ 1917ರವರೆಗೆ ತುಡುವೆಯ ಜೊತೆ ಕೆಲಸ ಮಾಡಿ ಅದರ ಮೈಗೆ ಹೊಂದುವ ಪೆಟ್ಟಿಗೆಯೊಂದನ್ನು ರೂಪಿಸಿದರು, ಹಳ್ಳಿಯ ಹುಡುಗರಿಗೆ ಅದರ ಬಳಕೆಯನ್ನು ಕಲಿಸಿದರು. ಅಡಿಮಣೆ, ಮೇಲೆ ಏಳು ಚೌಕಟ್ಟಿನ ಸಂಸಾರದ ಕೋಣೆ, ಅದರ ಮೇಲೆ ಗಿಡ್ಡ ಚೌಕಟ್ಟುಗಳ ತುಪ್ಪದ ಕೋಣೆ, ಕೊನೆಗೆ ಮುಚ್ಚಳ. ಊರ ಬಡಗಿ ಸಿಕ್ಕ ಹಲಗೆಯಲ್ಲಿ ಮಾಡಿಕೊಡಬಹುದಾದಷ್ಟು ಸರಳ. ನೂರು ವರ್ಷ ದಾಟಿದ ಮೇಲೂ ನಮ್ಮ ತೋಟಗಳಲ್ಲಿ ಈ ಮಾದರಿಯ ಪೆಟ್ಟಿಗೆ ಕಾಣಸಿಗುತ್ತದೆ. ನ್ಯೂಟನ್ ಅಂದರೆ ಸೇಬಿನ ಮರ ನೆನೆಯುವ ಮಕ್ಕಳಿಗೆ ಈ ಇನ್ನೊಬ್ಬ ನ್ಯೂಟನ್ನರ ಪರಿಚಯವನ್ನೂ ಯಾರಾದರೂ ಮಾಡಿಕೊಡಬೇಕು.

ಮುಂದಿನದು ಸಂಸ್ಥಾನ, ಪ್ರಾಂತ್ಯಗಳ ಕಾಲ. 1917ರಲ್ಲಿ ತಿರುವಾಂಕೂರು, 1925ರಲ್ಲಿ ಮೈಸೂರು, 1931ರಲ್ಲಿ ಮದರಾಸು, 1934ರಲ್ಲಿ ಕೊಡಗು, ಒಂದರ ಹಿಂದೆ ಒಂದು ಜೇನು ಸಾಕಣೆಗೆ ಕೈಹಾಕಿದವು. 1928ರ ಕೃಷಿ ಆಯೋಗ ಇದನ್ನು ಗುಡಿ ಕೈಗಾರಿಕೆಯಾಗಿ ಬೆಳೆಸಬೇಕೆಂದಿತು. ಗಾಂಧೀಜಿ ಗ್ರಾಮೋದ್ಯೋಗಗಳ ಸಾಲಿಗೆ ಇದನ್ನು ಸೇರಿಸಿಕೊಂಡರು. ವಿರಾಜಪೇಟೆ, ಭಾಗಮಂಡಲ, ಪುತ್ತೂರುಗಳಲ್ಲಿ ಸಾಕಣೆದಾರರ ಸಹಕಾರ ಸಂಘಗಳು ಎದ್ದವು. ಒಬ್ಬೊಬ್ಬರ ಮನೆಯ ನಾಲ್ಕಾರು ಕಿಲೋ ತುಪ್ಪ ಒಂದೆಡೆ ಸೇರಿ, ಸೋಸಿ, ಬಾಟಲಿಯಾಗಿ, ಕೊಡಗಿನ ಜೇನು ಎಂಬ ಹೆಸರು ಹೊತ್ತು ಪೇಟೆಗೆ ಹೋಯಿತು.

ಇಷ್ಟೆಲ್ಲ ಪೆಟ್ಟಿಗೆಗಳಿಗೆ ಜೇನು ಒದಗಿಸಿದ್ದು ಇಲಾಖೆಯ ಗೋದಾಮಲ್ಲ, ಹೂವಿನ ಹಂಗಾಮು. ಮಳೆಗಾಲ ಮುಗಿದು ಪರಾಗ ಹೇರಳವಾದಾಗ ತುಡುವೆ ಸಂಸಾರ ಉಕ್ಕುತ್ತದೆ. ಆಗ ಎರಿ ಎತ್ತಿ ನೋಡಿದವರಿಗೆ ಮುನ್ಸೂಚನೆ ಕಾಣಿಸುತ್ತದೆ. ಮೊದಲು ಗಂಡುನೊಣಗಳ ಕೋಶ. ಮುಚ್ಚಳದ ನಟ್ಟನಡುವೆ ಸೂಜಿಮೊನೆಯಷ್ಟು ತೂತು ಇರುವುದು ತುಡುವೆಯ ಗುರುತು. ಆಮೇಲೆ ಎರಿಯ ಕೆಳಅಂಚಿನಿಂದ ತೂಗುವ ರಾಣಿಕೋಶಗಳು, ಶೇಂಗಾದ ಗಾತ್ರದವು. ಇವು ಕಂಡವೆಂದರೆ ಮನೆ ಪಾಲಾಗಲಿದೆ. ಬಿಸಿಲೇರಿದ ಹೊತ್ತಿನಲ್ಲಿ ಹಳೆಯ ರಾಣಿ ಅರ್ಧ ಬಳಗವನ್ನು ಕಟ್ಟಿಕೊಂಡು ಹೊರಡುತ್ತಾಳೆ, ಕಟ್ಟಿದ ಮನೆ, ಕೂಡಿಟ್ಟ ತುಪ್ಪ ಎಲ್ಲವನ್ನೂ ಇನ್ನೂ ಹುಟ್ಟದ ಮಗಳಿಗೆ ಬಿಟ್ಟು. ಮನುಷ್ಯರ ಪಾಲುಪಟ್ಟಿಯಲ್ಲಿ ಹಿರಿಯರು ಹೀಗೆ ಎದ್ದು ನಡೆದದ್ದು ಅಪರೂಪ.

ಹೊರಟ ಹಿಂಡು ಮೊದಲು ಹತ್ತಿರದ ಕೊಂಬೆಯಲ್ಲಿ ಗೊಂಚಲಾಗಿ ತೂಗುತ್ತದೆ. ಅಲ್ಲಿಂದ ಹುಡುಕಾಟದ ನೊಣಗಳು ಪೊಟರೆ ನೋಡಿಬಂದು, ಗೊಂಚಲಿನ ಮೈಮೇಲೆಯೇ ಕುಣಿದು ದಿಕ್ಕು ದೂರ ಹೇಳುತ್ತವೆ. ಜರ್ಮನಿಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ವಿಲಾಯಿತಿ ಜೇನಿನಲ್ಲಿ ಇದನ್ನು ಬಿಡಿಸಿ ತೋರಿಸಿದರು: ಬೇರೆ ಬೇರೆ ಜಾಗಗಳ ಪರ ಕುಣಿದವು ಕ್ರಮೇಣ ಒಂದೇ ಜಾಗದ ಬಗ್ಗೆ ಒಮ್ಮತಕ್ಕೆ ಬಂದಾಗ ಹಿಂಡು ಏಳುತ್ತದೆ. ಸಾಕಣೆದಾರನಿಗೆ ಸಿಗುವ ಅವಕಾಶ ಆ ಒಮ್ಮತಕ್ಕೆ ಮುಂಚಿನ ಕೆಲವೇ ಗಂಟೆ.

ಹಾರುವ ಹಿಂಡಿಗೆ ನೀರೋ ಮಣ್ಣೋ ಎರಚಿ ಕೆಳಗಿಳಿಸುವ ರೂಢಿ ಹಳೆಯದು. ಚಿಟಿಕೆ ಧೂಳು ಜೇನಿನ ಕದನವನ್ನು ಅಡಗಿಸುತ್ತದೆಂದು ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಕವಿ ವರ್ಜಿಲ್ ಬರೆದಿದ್ದ. ಅದೇ ರೋಮಿನ ಕಾನೂನು ಇನ್ನೂ ಸ್ವಾರಸ್ಯದ್ದು: ನಿಮ್ಮ ಗೂಡಿನಿಂದ ಹಾರಿದ ಹಿಂಡು ನಿಮ್ಮ ಕಣ್ಣಿಗೆ ಕಾಣುತ್ತಿರುವವರೆಗೆ, ಬೆನ್ನಟ್ಟಲು ಆಗುವವರೆಗೆ ನಿಮ್ಮದು, ಆಮೇಲೆ ಹಿಡಿದವರದು. ಆರನೆಯ ಶತಮಾನದ ಜಸ್ಟಿನಿಯನ್ ಸಂಹಿತೆಯಲ್ಲಿ ಈ ಮಾತಿದೆ. ನಮ್ಮ ತೋಟಗಳ ಬೇಲಿಯಂಚಿನ ಜಗಳಗಳಿಗೂ ಇದಕ್ಕಿಂತ ನ್ಯಾಯವಾದ ತೀರ್ಪು ಸಿಗಲಾರದು.

ಹಿಡಿಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಸಂಜೆ ಮಬ್ಬಿನಲ್ಲಿ ಗೊಂಚಲನ್ನು ಪೆಟ್ಟಿಗೆಗೆ ಕೊಡವಿದರೆ ಅರ್ಧ ಕೆಲಸವಷ್ಟೇ ಆಯಿತು. ಬೇರೆ ಪೆಟ್ಟಿಗೆಯಿಂದ ಮರಿಗಳಿರುವ ಒಂದು ಎರಿ ತಂದು ನಡುವೆ ಇಟ್ಟರೆ, ಮರಿ ಸಾಕುವ ಹೊಣೆ ಬಿದ್ದ ಹಿಂಡು ಬೇಗನೆ ಏಳುವುದಿಲ್ಲ. ಪೊಟರೆಯಿಂದ ಬಿಡಿಸಿದ ಸಂಸಾರವಾದರೆ ಅದರದೇ ಎರಿಗಳನ್ನು ಚೌಕಟ್ಟಿನ ಅಳತೆಗೆ ಕೊಯ್ದು ಬಾಳೆನಾರಿನಿಂದ ಕಟ್ಟುತ್ತಾರೆ. ಹೊಸ ಮೇಣದ ಬೆಸುಗೆ ಬಿಗಿಯಾದ ಮೇಲೆ ನಾರನ್ನು ಜೇನೇ ಕಡಿದು ಹೊರಗೆಳೆದು ಹಾಕುತ್ತದೆ. ಕೆಲವು ರಾತ್ರಿ ಸಕ್ಕರೆ ಪಾಕ, ಬಾಗಿಲಿಗೆ ರಾಣಿ ದಾಟದಂಥ ತಡೆ. ಆಗಾಗ ಮುಚ್ಚಳ ತೆರೆದು ಇಣುಕುವ ಚಾಳಿ ಮಾತ್ರ ಕೂಡದು. ಹೊಸಬರ ಪೆಟ್ಟಿಗೆ ಖಾಲಿಯಾಗಲು ಅವರ ಕುತೂಹಲವೂ ಒಂದು ಕಾರಣ. ಇರುವೆ, ಬಿಸಿಲು, ಹೂವಿನ ಬರ, ಮೇಣದ ಹುಳು, ಯಾವುದು ಹೆಚ್ಚಾದರೂ ತುಡುವೆ ಬಿಟ್ಟು ಹೋಗುತ್ತದೆ. ಎಮ್ಮೆ, ಕೋಳಿಗಳಂತೆ ಅದು ಸಾಕಿದವರ ಸೊತ್ತಾಗಲೇ ಇಲ್ಲ.

1991ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಬಂತು. 1976ರಲ್ಲಿ ಥಾಯ್ಲೆಂಡಿನಲ್ಲಿ ಪತ್ತೆಯಾದ ವೈರಸ್ ಅದು. ಬೆಳೆದ ನೊಣಗಳಿಗೆ ಮೇಲ್ನೋಟಕ್ಕೆ ಏನೂ ಆಗದು. ಮರಿಗಳು ಮಾತ್ರ ಕೋಶದಲ್ಲಿ ನೆಟ್ಟಗೆ ಚಾಚಿ ಸಾಯುತ್ತವೆ, ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲ. ಔಷಧ ಇರಲಿಲ್ಲ, ಇಂದಿಗೂ ಇಲ್ಲ. ಒಂದೆರಡು ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಂಸಾರಗಳು ಅಳಿದವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಅಟ್ಟಗಳಲ್ಲಿ ಪೆಟ್ಟಿಗೆಗಳು ಸಾಲಾಗಿ ಮಲಗಿದವು. ತುಪ್ಪಕ್ಕಾಗಿ ಕಟ್ಟಿಕೊಂಡ ಸಂಘಗಳಿಗೆ ತುಪ್ಪವೇ ಬರಲಿಲ್ಲ.

ಪರಿಹಾರವೆಂದು ವಿಲಾಯಿತಿ ಜೇನು ಮೆಲ್ಲಿಫೆರಾ ಬಂತು. 1960ರ ದಶಕದಲ್ಲೇ ಉತ್ತರ ಭಾರತದಲ್ಲಿ ನೆಲೆಯೂರಿದ ತಳಿ ಅದು. ತುಪ್ಪ ಕೊಡುವುದರಲ್ಲಿ ತುಡುವೆಯ ಹಲವು ಪಟ್ಟು, ಬಿಟ್ಟು ಓಡುವುದೂ ಕಡಿಮೆ. ಆದರೆ ಅದಕ್ಕೆ ಹೂವಿನ ಹಿಂದೆ ಊರೂರು ಸಾಗಿಸುವ ಲಾರಿ ಬೇಕು, ನುಸಿ ರೋಗಕ್ಕೆ ಮದ್ದು ಬೇಕು, ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ಕೈತುಂಬ ಸಕ್ಕರೆ ಬೇಕು. ಅಂಗಳದಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಳ್ಳುವ ಹವ್ಯಾಸಿಗೆ ಅದು ಹೇಳಿದ ಕಸುಬಲ್ಲ.

ಅಟ್ಟ ಸೇರಿದ್ದ ತುಡುವೆ ಪೆಟ್ಟಿಗೆಗಳು ಮತ್ತೆ ತುಂಬಿದ್ದು ಹಳೆಯ ದಾರಿಯಲ್ಲೇ. ರೋಗ ದಾಟಿ ಉಳಿದ ಕೆಲವು ಸಂಸಾರ ಕಾಡಿನಲ್ಲಿದ್ದವು, ಕೆಲವು ಪೆಟ್ಟಿಗೆಗಳಲ್ಲೂ ಇದ್ದವು. ಅವು ಪಾಲಾದವು. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಮೇಣ ಉಜ್ಜಿ, ಕಾದು ಕೂತವರಿಗೆ ಒಂದೊಂದಾಗಿ ಸಿಕ್ಕವು. ಗಟ್ಟಿ ಸಂಸಾರದಿಂದಲೇ ಪಾಲು ಮಾಡುವ ಎಚ್ಚರ ಹೆಚ್ಚಿತು. ರೋಗ ಆಗೀಗ ತಲೆ ಎತ್ತುತ್ತದೆ, ತುಡುವೆ ಅದರೊಂದಿಗೇ ಬಾಳುತ್ತಿದೆ.

ಈಗ ಬೆಂಗಳೂರಿನ ತಾರಸಿಗೂ ಪೆಟ್ಟಿಗೆ ಬಂದಿದೆ. ಕೃಷಿ ವಿಶ್ವವಿದ್ಯಾಲಯ, ತೋಟಗಾರಿಕೆ ಇಲಾಖೆ ತರಬೇತಿ ಕೊಡುತ್ತವೆ, ಜೇನು ಸಮೇತ ಪೆಟ್ಟಿಗೆ ದುಡ್ಡಿಗೆ ಸಿಗುತ್ತದೆ. ಆ ಪೆಟ್ಟಿಗೆ ತುಂಬಿಸಲೆಂದೇ ಕಾಡಿನ ಪೊಟರೆ ಒಡೆಯುವುದೂ ನಡೆಯುತ್ತದೆ. ಕೊಳ್ಳುವವರು ಒಂದು ಮಾತು ಕೇಳಿಕೊಳ್ಳಲಿ: ಇದು ಪಾಲು ಮಾಡಿದ ಸಂಸಾರವೋ, ಕಾಡಿನಿಂದ ಕಿತ್ತು ತಂದದ್ದೋ? ಪಾಲು ಮಾಡಿದ್ದನ್ನೇ ಕೊಳ್ಳಿ. ನಿಮ್ಮ ಮನೆಯ ಮಾವಿನ ಕೊಂಬೆಗೆ ತುಡುವೆ ಗೊಂಚಲು ಬಂದು ಕೂತರೆ ಕೀಟನಾಶಕದವರಿಗೆ ಫೋನ್ ಮಾಡಬೇಡಿ. ಹತ್ತಿರದ ಸಾಕಣೆದಾರರಿಗೆ ತಿಳಿಸಿ. ಅವರು ಬರುವುದು ತಡವಾದರೆ ಹಿಂಡು ತಾನಾಗಿಯೇ ಎದ್ದು ಹೋಗುತ್ತದೆ. ತೋಟದ ಮೂಲೆಯ ಪೊಟರೆ ಮರವೊಂದು ಬೇಲಿಗೂ ಮನೆಗೂ ಅಪಾಯ ಮಾಡದಿದ್ದರೆ ಅದನ್ನು ಕಡಿಯದೆ ಬಿಡಿ.