ಬೊಸಾ ನೋವಾ ಮತ್ತು ಜಾಝ್ ಪಿಯಾನೊ: ಮನೋಧರ್ಮದ ಬೆಳವಣಿಗೆ

ಬೊಸಾ ನೋವಾ ರೂಪು ತಳೆದದ್ದು 1950ರ ದಶಕದ ಕೊನೆಯಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಕಡಲಂಚಿನ ಬಡಾವಣೆಗಳಾದ ಕೋಪಕಬಾನಾ ಮತ್ತು ಇಪನೇಮಾಗಳಲ್ಲಿ. ಆಂಟೋನಿಯೊ ಕಾರ್ಲೋಸ್ ಜೋಬಿಮ್ ಸಂಯೋಜಿಸಿ, ವಿನೀಶಿಯಸ್ ಜಿ ಮೊರೇಸ್ ಸಾಹಿತ್ಯ ಬರೆದ ‘ಶೆಗಾ ಜಿ ಸೌದಾಜಿ’ಯನ್ನು 1958ರಲ್ಲಿ ಜೊವಾವೊ ಜಿಲ್ಬರ್ಟೊ ಹಾಡಿ ಮುದ್ರಿಸಿದ್ದನ್ನು ಈ ಶೈಲಿಯ ಆರಂಭವೆಂದು ಗಣಿಸುವುದು ರೂಢಿ. ಸಾಂಬಾ ಮೇಳದ ತಾಳವಾದ್ಯಗಳ ಕೆಲಸವನ್ನು ಜಿಲ್ಬರ್ಟೊ ಒಂದೇ ಗಿಟಾರಿಗೆ ಇಳಿಸಿದರು. ಹೆಬ್ಬೆರಳು ಸುರ್ದೊ ಡೋಲಿನ ಹಾಗೆ ಮಂದ್ರದಲ್ಲಿ ಸಮನಾಗಿ ನಡೆದರೆ, ಉಳಿದ ಬೆರಳುಗಳು ಮೀಟುವ ಕಾರ್ಡ್‌ಗಳು ಘಾತವನ್ನು ತಪ್ಪಿಸಿ ಬೀಳುತ್ತಿದ್ದವು. ಗಿಟಾರಿನಲ್ಲಿ ನೆಲೆ ಕಂಡ ಈ ಲಯವನ್ನು ಪಿಯಾನೊದ ಎರಡು ಕೈಗಳಿಗೆ ಹಂಚುವುದು ಹೇಗೆ? ಬೊಸಾ ನೋವಾ ಪಿಯಾನೊದ ಚರಿತ್ರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಸಿಕ್ಕ ಉತ್ತರಗಳ ಚರಿತ್ರೆ.

ಹಾಗೆಂದು ಪಿಯಾನೊ ಈ ಸಂಗೀತಕ್ಕೆ ಹೊರಗಿನಿಂದ ಬಂದದ್ದಲ್ಲ. ಜೋಬಿಮ್ ಸ್ವತಃ ಪಿಯಾನೊ ವಾದಕರು. ಅವರಿಗೂ ಮುನ್ನ ಜಾನಿ ಆಲ್ಫ್ 1950ರ ದಶಕದ ನಡುಭಾಗದಲ್ಲಿ ಕೋಪಕಬಾನಾದ ಪ್ಲಾಜಾ ಹೋಟೆಲಿನಲ್ಲಿ ಜಾಝ್‌ನ ಕಾರ್ಡ್‌ಗಳನ್ನು ಸಾಂಬಾದೊಂದಿಗೆ ಬೆರೆಸಿ ನುಡಿಸುತ್ತಿದ್ದರು. 1960ರ ದಶಕದ ಆರಂಭಕ್ಕೆ ಎರಡು ದಾರಿಗಳು ಸ್ಪಷ್ಟವಾದವು. ಕೋಪಕಬಾನಾದ ‘ಬೆಕೊ ದಾಸ್ ಗರಾಫಾಸ್’ ಎಂಬ ಇಕ್ಕಟ್ಟು ಓಣಿಯ ಕ್ಲಬ್ಬುಗಳಲ್ಲಿ ಸರ್ಜಿಯೊ ಮೆಂಡಿಸ್, ತಾಂಬಾ ಟ್ರಿಯೊದ ಲೂಯಿಜ್ ಎಸಾ ಮೊದಲಾದವರು ಪಿಯಾನೊ, ಬಾಸ್, ಡ್ರಮ್‌ಗಳ ತಂಡ ಕಟ್ಟಿ ಬಿರುಸಾಗಿ, ತುಂಬು ಕಾರ್ಡ್‌ಗಳಲ್ಲಿ ನುಡಿಸಿದರು. ಈ ಧಾರೆಗೆ ಸಾಂಬಾ-ಜಾಝ್ ಎಂಬ ಹೆಸರು ನಿಂತಿತು. ಜೋಬಿಮ್ ಅವರದು ಇದಕ್ಕೆ ತದ್ವಿರುದ್ಧ. 1963ರ ‘ದಿ ಕಂಪೋಸರ್ ಆಫ್ ದೆಸಾಫಿನಾದೊ, ಪ್ಲೇಸ್’ ಧ್ವನಿಮುದ್ರಿಕೆಯಲ್ಲಿ ಅವರು ಕ್ಲಾಸ್ ಓಗರ್‌ಮನ್ ಅವರ ವಾದ್ಯವೃಂದದ ನಡುವೆ ಬಹುತೇಕ ಒಂದೊಂದೇ ಸ್ವರ ಒತ್ತುತ್ತಾ, ಮೌನಕ್ಕೂ ಜಾಗ ಬಿಟ್ಟು ನುಡಿಸಿದ್ದಾರೆ.

ಅಮೆರಿಕದಲ್ಲಿ ಬೊಸಾ ನೋವಾದ ಅಲೆ ಎಬ್ಬಿಸಿದ, ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಮತ್ತು ಗಿಟಾರ್ ವಾದಕ ಚಾರ್ಲಿ ಬರ್ಡ್ ಅವರ ‘ಜಾಝ್ ಸಾಂಬಾ’ದಲ್ಲಿ (1962) ಪಿಯಾನೊ ಇರಲೇ ಇಲ್ಲ. ಅದೇ ವರ್ಷ ನವೆಂಬರ್ 21ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಬ್ರೆಜಿಲ್ ಕಲಾವಿದರ ಕಛೇರಿ ನಡೆಯಿತು. 1963ರ ಮಾರ್ಚ್‌ನಲ್ಲಿ ಮುದ್ರಣಗೊಂಡು ಮರುವರ್ಷ ಬಿಡುಗಡೆಯಾದ ‘ಗೆಟ್ಜ್/ಜಿಲ್ಬರ್ಟೊ’ದಲ್ಲಿ ಪಿಯಾನೊ ಮುಂದೆ ಕುಳಿತವರು ಜೋಬಿಮ್.

ಅಮೆರಿಕದ ವಾದಕರಿಗೆ ತೊಡಕಾದದ್ದು ಲಯ. ಸ್ವಿಂಗ್ ಜಾಝ್‌ನಲ್ಲಿ ಒಂದು ಘಾತದ ಎರಡು ಅರೆಗಳು ಅಸಮ: ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಬೊಸಾ ನೋವಾದಲ್ಲಿ ಅವೆರಡೂ ಸಮ. ಕಲಿಕೆಗೆ ಸುಲಭವಾಗಲೆಂದು ಪಠ್ಯಪುಸ್ತಕಗಳು ಎರಡು ಆವರ್ತಗಳ 16 ಅರೆಘಾತಗಳನ್ನು 3-3-4-3-3 ಎಂದು ಒಡೆದು ತೋರಿಸುತ್ತವೆ. ಕೊನ್ನಕ್ಕೋಲಿನಲ್ಲಿ ಹೇಳುವುದಾದರೆ ತಕಿಟ ತಕಿಟ ತಕದಿಮಿ ತಕಿಟ ತಕಿಟ. ಆದರೆ ಜಿಲ್ಬರ್ಟೊ ಈ ಬಗೆಯ ವಿನ್ಯಾಸವನ್ನು ಕಟ್ಟಳೆಯಾಗಿ ಪಾಲಿಸಿದವರಲ್ಲ. ಮಾತಿನ ಓಟಕ್ಕೆ ತಕ್ಕಂತೆ ಕಾರ್ಡ್‌ಗಳ ಜಾಗ ಬದಲಿಸುತ್ತಿದ್ದರು. ಪಿಯಾನೊದಲ್ಲಿ ಎಡಗೈ ಒಂದೇ ವಿನ್ಯಾಸವನ್ನು ಬಿಡದೆ ಹಿಡಿದರೆ ಮನೋಧರ್ಮ ಜಡವಾಗುವುದು ಇದೇ ಕಾರಣಕ್ಕೆ. ಬಾಸ್ ವಾದಕರಿದ್ದಾಗ ಎಡಗೈ ಮೂಲಸ್ವರವನ್ನು ಅವರಿಗೇ ಬಿಟ್ಟು, ಮೂರನೆಯ ಮತ್ತು ಏಳನೆಯ ಸ್ವರಗಳಿರುವ ಚಿಕ್ಕ ಕಾರ್ಡ್‌ಗಳನ್ನು ಘಾತಕ್ಕಿಂತ ಅರೆಘಾತ ಮೊದಲೇ ಇಡುತ್ತದೆ. ಒಂಟಿಯಾಗಿ ನುಡಿಸುವಾಗ ಮೂಲಸ್ವರ ಮತ್ತು ಪಂಚಮಗಳ ನಡಿಗೆಯನ್ನೂ ಎಡಗೈಯೇ ಹೊರಬೇಕು.

ಸ್ವರಗಳ ಮಟ್ಟದಲ್ಲಿ ಜೋಬಿಮ್ ಅವರ ರಚನೆಗಳೇ ಪಾಠ ಹೇಳುತ್ತವೆ. ‘ಸಾಂಬಾ ಜಿ ಉಮಾ ನೋಟಾ ಸೊ’ದ ಆರಂಭದಲ್ಲಿ, ಬಿ ಫ್ಲಾಟ್ ಶ್ರುತಿಯಲ್ಲಿ, ರಾಗ ಎಫ್ ಸ್ವರದ ಮೇಲೆಯೇ ನಿಂತಿರುತ್ತದೆ, ಕೆಳಗೆ ಡಿ ಮೈನರ್, ಡಿ ಫ್ಲಾಟ್, ಸಿ ಮೈನರ್, ಬಿ ಕಾರ್ಡ್‌ಗಳು ಅರೆಸ್ವರ ಅರೆಸ್ವರವಾಗಿ ಇಳಿಯುತ್ತವೆ. ಅದೇ ಎಫ್ ಮೊದಲು ಕೋಮಲ ತೃತೀಯ, ಬಳಿಕ ತೀವ್ರ ತೃತೀಯ, ಆಮೇಲೆ ಹನ್ನೊಂದನೆಯ ಸ್ವರ, ಕೊನೆಗೆ ಇಳಿಸಿದ ಪಂಚಮವಾಗುತ್ತದೆ. ಸ್ವರ ಅಲುಗದೆಯೇ ನಾಲ್ಕು ಬಣ್ಣ ತಳೆಯುತ್ತದೆ. ‘ಗರೋಟಾ ಜಿ ಇಪನೇಮಾ’ ಎಂದಿನ 32 ಆವರ್ತಗಳದ್ದಲ್ಲ, 40 ಆವರ್ತಗಳ ರಚನೆ. ಅದರ ಮಧ್ಯಭಾಗ 16 ಆವರ್ತಗಳಷ್ಟು ಉದ್ದ. ಅಲ್ಲಿ ಒಂದೇ ನುಡಿಗಟ್ಟು ಮೊದಲು ಮೂರು ಅರೆಸ್ವರ, ಬಳಿಕ ಒಂದು ಅರೆಸ್ವರ ಮೇಲೇರಿ ಮರುಕಳಿಸುತ್ತದೆ. ಪ್ರತಿ ಕಾರ್ಡಿಗೂ ಹೊಸ ಸ್ವರಸಾಲು ಹುಡುಕುವ ಬೆಬಾಪ್ ಪದ್ಧತಿಗಿಂತ, ಚಿಕ್ಕ ನುಡಿಗಟ್ಟೊಂದನ್ನು ಹಿಡಿದು ಸ್ಥಾನ ಪಲ್ಲಟಿಸುತ್ತಾ ಬೆಳೆಸುವ ಕ್ರಮ ಇಂಥ ರಚನೆಗಳಿಗೆ ಹೆಚ್ಚು ಒಗ್ಗುತ್ತದೆ.

ಮುಂದಿನ ವಾದಕರು ಸಾಂಬಾ-ಜಾಝ್ ಮತ್ತು ಜೋಬಿಮ್ ಅವರ ಮಿತವಾದ ವಾದನ ಎಂಬ ಎರಡು ದಾರಿಗಳ ನಡುವೆ ತಮ್ಮ ಜಾಗ ಕಂಡುಕೊಂಡರು. ಆಸ್ಕರ್ ಪೀಟರ್‌ಸನ್ 1964ರ ‘ವಿ ಗೆಟ್ ರಿಕ್ವೆಸ್ಟ್ಸ್’ನಲ್ಲಿ ಜೋಬಿಮ್ ರಚನೆಗಳನ್ನು ತಮ್ಮ ಟ್ರಿಯೊದ ಶೈಲಿಗೆ ಒಗ್ಗಿಸಿಕೊಂಡರು. ಅದೇ ವರ್ಷ ಬ್ರೆಜಿಲ್‌ಗೆ ಹೋಗಿ ಬಂದ ಹೊರೇಸ್ ಸಿಲ್ವರ್ ‘ಸಾಂಗ್ ಫಾರ್ ಮೈ ಫಾದರ್’ನಲ್ಲಿ ಬೊಸಾ ಲಯವನ್ನು ಬ್ಲೂಸ್ ಛಾಯೆಯೊಂದಿಗೆ ಹೆಣೆದರು. ಸಾವೊ ಪಾಲೊದಲ್ಲಿ ಹುಟ್ಟಿದ ಎಲಿಯಾನೆ ಎಲಿಯಾಸ್ 1990ರಲ್ಲಿ ಜೋಬಿಮ್ ರಚನೆಗಳಿಗೇ ಒಂದು ಧ್ವನಿಮುದ್ರಿಕೆಯನ್ನು ಮೀಸಲಿಟ್ಟರು. ಜೋಬಿಮ್ ನಿಧನರಾದ ಮರುವರ್ಷ, 1995ರಲ್ಲಿ, ಹೊರಬಂದ ಸ್ಯಾಕ್ಸೊಫೋನ್ ವಾದಕ ಜೋ ಹೆಂಡರ್ಸನ್ ಅವರ ‘ಡಬಲ್ ರೇನ್‌ಬೋ’ದ ಒಂದು ಭಾಗದಲ್ಲಿ ಎಲಿಯಾಸ್ ಬ್ರೆಜಿಲ್ ವಾದಕರೊಂದಿಗೆ, ಇನ್ನೊಂದರಲ್ಲಿ ಹರ್ಬಿ ಹ್ಯಾನ್‌ಕಾಕ್ ಅಮೆರಿಕದ ವಾದಕರೊಂದಿಗೆ ನುಡಿಸಿದ್ದಾರೆ. ಒಬ್ಬನೇ ಸಂಯೋಜಕನ ಕೃತಿಗಳಿಗೆ ಎರಡೂ ದೇಶಗಳ ಪಿಯಾನೊ ಮನೋಧರ್ಮ ತೋರಿದ ಸ್ಪಂದನವನ್ನು ಹೋಲಿಸಿ ನೋಡಲು ಇದು ಅನುಕೂಲವಾದ ದಾಖಲೆ.