ಕೊಂಬು, ಕಹಳೆ, ಬ್ಯಾಂಡು

ತೆಂಗಿನ ಸೀಮೆಯ ವಾಚಕರೆ, ಸದ್ದಿನಿಂದ ವಸ್ತುವಿನ ಗುಣವನ್ನರಿಯುವ ವಿದ್ಯೆಯನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಬಳಿ ಅಲುಗಿಸಿದರೆ ಸಾಕು. ಕೊಬ್ಬರಿ ಚಿಪ್ಪನ್ನು ಬಿಟ್ಟಿದೆಯೋ ಇಲ್ಲವೋ ತಿಳಿದುಹೋಗುತ್ತದೆ. ಆದರೆ ಊರ ದೇವರ ಉತ್ಸವಕ್ಕೆಂದು ಹತ್ತು ಮನೆಯವರು ಹಣ ಕೂಡಿಸಿ ಹಿತ್ತಾಳೆಯ ವಾದ್ಯ ಕೊಳ್ಳಹೊರಟಾಗ ಕಿವಿಯನ್ನು ಮರೆತು ಹೊಳಪಿಗೆ ಮರುಳಾಗುವುದುಂಟು. ಈ ವಾದ್ಯಗಳ ಪೂರ್ವೋತ್ತರವನ್ನು ಅರಿತು ಕೊಂಡರೆ ಆ ಹಣ ವ್ಯರ್ಥವಾಗದು.

ಕೊಂಬು ಎಂಬ ಹೆಸರೇ ಅದರ ಚರಿತ್ರೆ. ಮೊದಲು ಪ್ರಾಣಿಯ ಕೊಂಬನ್ನು ಊದಿದರು; ಆಮೇಲೆ ಅದೇ ಬಾಗನ್ನು ಲೋಹದಲ್ಲಿ ತಂದರು. ಸಂಸ್ಕೃತದ ಶೃಂಗವೂ ಇದೇ. ಅಲ್ಲಿಯ ಕಾಹಲಾ ನಮ್ಮಲ್ಲಿ ಕಹಳೆಯಾಯಿತು. ಶಾಸನಗಳಲ್ಲಿ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದನ್ನು ಕಾಣುತ್ತೇವೆ. ಒಂದು ಎಣಿಕೆಯಂತೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬಿವು ಆ ಐದು ಶಬ್ದಗಳು. ಅವನ್ನು ನುಡಿಸಿಕೊಳ್ಳುವ ಮರ್ಯಾದೆ ಸಾಮಂತರಿಗೆ ಸಾಮ್ರಾಟನಿಂದ ದೊರೆಯಬೇಕಾಗಿತ್ತು. ಚಾಳುಕ್ಯರ ಮಹಾಮಂಡಲೇಶ್ವರರಾಗಿದ್ದ ಹೊಯ್ಸಳರೂ ಈ ಬಿರುದನ್ನು ಧರಿಸಿದವರೇ.

ಕೊಂಬಿಗೆ ಬೆರಳಿಡುವ ರಂಧ್ರಗಳಿಲ್ಲ. ತುಟಿಯ ಬಿಗಿಯಿಂದ ಹುಟ್ಟುವ ಕೆಲವೇ ಸ್ವರಗಳು ಅದರ ಸಂಪತ್ತು. ದೇವರು ಹೊರಟಿತೆಂದು ಸಾರಲು ಅಷ್ಟು ಸಾಕು, ರಾಗಕ್ಕೆ ಸಾಲದು. ಈ ಕೊರತೆ ನೀಗಿದ್ದು ಯೂರೋಪಿನಲ್ಲಿ. 1818ರಲ್ಲಿ ಸ್ಟೋಲ್ಟ್ಸೆಲ್, ಬ್ಲ್ಯೂಮೆಲ್ ಎಂಬಿಬ್ಬರು ಬರ್ಲಿನ್ನಿನಲ್ಲಿ ವಾಲ್ವಿಗೆ ಪೇಟೆಂಟು ಪಡೆದರು. ವಾಲ್ವನ್ನು ಒತ್ತಿದರೆ ಗಾಳಿಯ ದಾರಿ ಉದ್ದವಾಗಿ ಸ್ವರ ತಗ್ಗುತ್ತದೆ. ಹೀಗೆ ಟ್ರಂಪೆಟ್ಟಿಗೆ ಎಲ್ಲ ಸ್ವರಗಳೂ ದಕ್ಕಿದವು. ಸೈನ್ಯದ ಬ್ಯಾಂಡು, ಅರಮನೆಯ ಬ್ಯಾಂಡುಗಳ ಮೂಲಕ ಇಂಥ ವಾದ್ಯಗಳು ನಮ್ಮ ಮದುವೆಯ ಮೆರವಣಿಗೆಗೂ ಬಂದವು.

ಹಿತ್ತಾಳೆಯ ಮೈಯಿದ್ದುದೆಲ್ಲ ಒಂದೇ ಜಾತಿಯಲ್ಲ. 1846ರಲ್ಲಿ ಆಡಾಲ್ಫ್ ಸ್ಯಾಕ್ಸ್ ಪೇಟೆಂಟು ಪಡೆದ ಸ್ಯಾಕ್ಸೊಫೋನು ನುಡಿಯುವುದು ಬಾಯಲ್ಲಿಡುವ ರೀಡಿನಿಂದ; ಆದ್ದರಿಂದ ಅದು ನಾಗಸ್ವರದ ನೆಂಟ. ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿದರು. ಅವರು ಕಿವಿಯಿಂದ ಆರಿಸಿದವರು.

ನೀವೂ ಹಾಗೆಯೇ ಮಾಡಿ. ಸಾರುವುದಕ್ಕೋ, ರಾಗಕ್ಕೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಊದಬಲ್ಲವರನ್ನು ಜೊತೆಗೆ ಕರೆದೊಯ್ದು, ಒಂದೇ ಜಾಗದಲ್ಲಿ ಒಬ್ಬರಿಂದಲೇ ಎರಡು ಮೂರು ವಾದ್ಯಗಳನ್ನು ಊದಿಸಿ. ಕೊಂಬಾದರೆ ತುಂಡುಗಳು ಸೇರುವ ಕಡೆ ಗಾಳಿ ಸೋರುತ್ತದೆಯೇ, ತಗ್ಗು ಸ್ವರವೂ ಹೆಚ್ಚು ಸ್ವರವೂ ತಿಣುಕದೆ ಬರುತ್ತವೆಯೇ ನೋಡಿ. ಟ್ರಂಪೆಟ್ಟಾದರೆ ಒತ್ತಿದ ವಾಲ್ವು ತಡವಿಲ್ಲದೆ ಮೇಲೇಳಬೇಕು. ಸ್ವರಗಳು ಹಾರ್ಮೋನಿಯಮ್ಮಿನ ಶ್ರುತಿಗೆ ಕೂಡಬೇಕು. ದೂರ ನಿಂತೂ ಒಮ್ಮೆ ಕೇಳಿ. ಉತ್ಸವದ ಜನ ಕೇಳುವುದು ದೂರದಿಂದಲೇ.

ಇನ್ನೊಂದು ಮಾತು. ಊದುವವರಿಲ್ಲದ ಕೊಂಬು ಗುಡಿಯ ಗೋಡೆಯ ಮೇಲೆ ಕಿಲುಬು ಹಿಡಿಯುತ್ತದೆ. ಅಂದು ಅರಸನಿಂದ ಬರಬೇಕಾಗಿದ್ದ ಮಹಾಶಬ್ದ ಇಂದು ಅಂಗಡಿಯಲ್ಲಿ ಸಿಕ್ಕುತ್ತದೆ, ಉಸಿರು ಸಿಕ್ಕುವುದಿಲ್ಲ. ಕೂಡಿಸಿದ ಹಣದಲ್ಲಿ ಒಂದು ಪಾಲನ್ನು, ಊರಿನ ಹುಡುಗನೊಬ್ಬ ಹಿರಿಯರ ಬಳಿ ಕೂತು ಕಲಿಯುವುದಕ್ಕೆ ತೆಗೆದಿಡಿ.