ಮಳೆನೀರು ಚರಂಡಿಯ ಬ್ಯಾಕ್ಟೀರಿಯಾ ಮಾಲಿನ್ಯದ ಮಾದರೀಕರಣ

ಮಳೆನೀರು ಚರಂಡಿಯ ಬ್ಯಾಕ್ಟೀರಿಯಾ ಮಾಲಿನ್ಯದ ಮಾದರೀಕರಣ ಎಂದರೆ ನಗರದ ಬೀದಿ, ಛಾವಣಿ ಮತ್ತು ಬಯಲುಗಳಿಂದ ಮಳೆಯೊಡನೆ ಹರಿದು ನದಿ ಅಥವಾ ಕಡಲನ್ನು ಸೇರುವ ಬ್ಯಾಕ್ಟೀರಿಯಾಗಳ ಪ್ರಮಾಣವನ್ನು ಗಣಿತದ ಸಮೀಕರಣಗಳಿಂದ ಅಂದಾಜು ಮಾಡುವ ವಿಧಾನ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಎಣಿಸಲು ಸಾಮಾನ್ಯವಾಗಿ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಫಲಿತಾಂಶ ಕೈಸೇರುವ ಹೊತ್ತಿಗೆ ಜನರು ಆ ನೀರಿನಲ್ಲಿ ಈಜಿ ಮುಗಿಸಿರುತ್ತಾರೆ. ಅಪಾಯವನ್ನು ಮುಂಚಿತವಾಗಿ ತಿಳಿಸುವುದು ಮಾದರಿಗಳ ಮುಖ್ಯ ಉಪಯೋಗ.

ಸೂಚಕಗಳು ಮತ್ತು ಮಿತಿಗಳು

ನೀರಿನಲ್ಲಿ ಪ್ರತಿಯೊಂದು ರೋಗಾಣುವನ್ನೂ ಹುಡುಕುವುದು ಕಷ್ಟಸಾಧ್ಯ. ಆದುದರಿಂದ ಮನುಷ್ಯರ ಮತ್ತು ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿರುವ ಇ. ಕೋಲಿ, ಎಂಟೆರೊಕಾಕಸ್ ಮೊದಲಾದವುಗಳನ್ನು ಮಲಮಾಲಿನ್ಯದ ಸೂಚಕಗಳಾಗಿ ಎಣಿಸುತ್ತಾರೆ. ಇ. ಕೋಲಿಯನ್ನು 1885ರಲ್ಲಿ ಥಿಯೋಡರ್ ಎಷೆರಿಷ್ ಗುರುತಿಸಿದನು. ಭಾರತದಲ್ಲಿ ಈಜಲು ಯೋಗ್ಯವಾದ ಕಡಲನೀರಿಗೆ 100 ಮಿ.ಲೀ.ನಲ್ಲಿ 100 ಮಲಜನ್ಯ ಕೋಲಿಫಾರ್ಮ್‌ಗಳೆಂಬ ಮಿತಿಯಿದೆ. 2020ರಲ್ಲಿ ಕರ್ನಾಟಕದ ಕಾಸರಕೋಡು ಮತ್ತು ಪಡುಬಿದ್ರಿ ಕಡಲತೀರಗಳಿಗೆ ದೊರೆತ ಬ್ಲೂ ಫ್ಲ್ಯಾಗ್ ಮಾನ್ಯತೆಯಲ್ಲಿ ಇ. ಕೋಲಿಯ ಮಿತಿ 250.

ಲೆಕ್ಕಾಚಾರದ ಕ್ರಮ

ಮಳೆಯಿಲ್ಲದ ದಿನಗಳಲ್ಲಿ ನೆಲದ ಮೇಲೆ ಮಾಲಿನ್ಯ ಶೇಖರಗೊಳ್ಳುತ್ತದೆ. ಮಳೆ ಬಂದಾಗ ಕೊಚ್ಚಿಹೋಗುತ್ತದೆ. ಈ ಎರಡು ಹಂತಗಳನ್ನು ಲೆಕ್ಕಹಾಕುವ ತಂತ್ರಾಂಶಗಳಲ್ಲಿ 1971ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗಾಗಿ ಸಿದ್ಧವಾದ ಮಳೆನೀರು ನಿರ್ವಹಣಾ ಮಾದರಿಯು ಪ್ರಸಿದ್ಧವಾಗಿದೆ. ಚರಂಡಿಯ ಬಾಯಿಂದಾಚೆಗೆ ಇನ್ನೊಂದು ಮಾದರಿ ಬೇಕಾಗುತ್ತದೆ. ಅದು ಅಲೆ, ಪ್ರವಾಹ, ಭರತ ಇಳಿತಗಳಿಂದಾಗುವ ಹರಡುವಿಕೆಯನ್ನೂ ಬ್ಯಾಕ್ಟೀರಿಯಾಗಳ ಸಾವನ್ನೂ ಗಣಿಸುತ್ತದೆ.

ಶೇಕಡಾ 90ರಷ್ಟು ಬ್ಯಾಕ್ಟೀರಿಯಾಗಳು ಸಾಯಲು ಬೇಕಾದ ಕಾಲವನ್ನು ಟಿ-90 ಎನ್ನುತ್ತಾರೆ. ಉದಾಹರಣೆಗೆ ಟಿ-90 ಹತ್ತು ಗಂಟೆಯಾಗಿದ್ದರೆ 1,00,000 ಬ್ಯಾಕ್ಟೀರಿಯಾಗಳು ಹತ್ತು ಗಂಟೆಯಲ್ಲಿ 10,000 ಆಗುತ್ತವೆ, ಇಪ್ಪತ್ತು ಗಂಟೆಯಲ್ಲಿ 1,000. ನೂರಕ್ಕೆ ಇಳಿಯಲು 30 ಗಂಟೆ ಬೇಕು. ಬಿಸಿಲು ಮತ್ತು ಉಪ್ಪು ಈ ಕಾಲವನ್ನು ಕಡಿಮೆ ಮಾಡುತ್ತವೆ. ಮೋಡ ಕವಿದಾಗ, ನೀರು ಕೆಸರಾದಾಗ ಅದು ಹೆಚ್ಚುತ್ತದೆ. ಬೇಸಿಗೆಯ ಅಂಕಿಯನ್ನು ಮಳೆಗಾಲಕ್ಕೆ ಬಳಸಿದರೆ ಕೊಳಕು ನೀರು ಶುದ್ಧವೆಂದು ತೋರುವುದು ಇದರಿಂದಲೇ.

ಮಂಗಳೂರು

ಮಂಗಳೂರಿನ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ನಗರದ ತೋಡು, ರಾಜಕಾಲುವೆಗಳ ನೀರು ನೇತ್ರಾವತಿ, ಫಲ್ಗುಣಿ ನದಿಗಳನ್ನು ಸೇರಿ, ಎರಡಕ್ಕೂ ಒಂದೇ ಆದ ಅಳಿವೆಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ದಿನಕ್ಕೆರಡು ಬಾರಿ ಬರುವ ಭರತವು ಈ ನೀರನ್ನು ತಡೆದು ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಒಣಗಿದ್ದ ನೆಲವನ್ನು ತೊಳೆಯುವ ಮೊದಲ ಮಳೆಗೆ ಮಾದರಿಯಲ್ಲಿ ವಿಶೇಷ ಗಮನ ಕೊಡಬೇಕಾಗುತ್ತದೆ. ಒಳಚರಂಡಿಯ ಕೊಳೆನೀರು ಮಳೆನೀರು ಚರಂಡಿಗೆ ಸೋರುವುದು ಭಾರತದ ನಗರಗಳಲ್ಲಿ ಸಾಮಾನ್ಯ. ಮಳೆಯಿಲ್ಲದ ದಿನವೂ ಹರಿಯುವ ಆ ನೀರನ್ನು ಬಿಟ್ಟ ಲೆಕ್ಕ ಎಷ್ಟೇ ಸೂಕ್ಷ್ಮವಾಗಿದ್ದರೂ ಅಪೂರ್ಣ.

ಒಳನಾಡಿನಲ್ಲಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಊರುಗಳಿಗೂ ಶೇಖರಣೆ ಮತ್ತು ಕೊಚ್ಚಣೆಯ ಇದೇ ಲೆಕ್ಕ ಅನ್ವಯಿಸುತ್ತದೆ. ಈ ಸೀಮೆಯ ನೀರು ಸೇರುವುದು ಭೀಮಾ, ಕೃಷ್ಣಾ ನದಿಗಳನ್ನು. ಅಲ್ಲಿ ಕಡಲಿನ ಉಪ್ಪೂ ಇಲ್ಲ, ಭರತವೂ ಇಲ್ಲ. ಆದುದರಿಂದ ಟಿ-90 ಅನ್ನು ಬೇರೆಯಾಗಿ ಅಳೆಯಬೇಕು. ಮಳೆ ಕಡಿಮೆಯಿರುವ ಕಾರಣ ಎರಡು ಮಳೆಗಳ ನಡುವಿನ ಶೇಖರಣೆಯ ಅವಧಿಯೂ ದೀರ್ಘವಾಗಿರುತ್ತದೆ.